ಹಳೇ ಇವಿ ಮೋಟಾರಿಗೆ ಯಾವ ಆಯಿಲ್? ಡಬ್ಬದ ಮೇಲಿನ ಹೆಸರು ಬಿಟ್ಟು ಹುಡುಕಿದ್ದು

ಇವಿಗೆ ಆಯಿಲ್ ಬೇಕಾಗಲ್ಲ ಅಂತ ನಂಬಿಕೊಂಡು ಕಾರು ತಗೊಂಡವರು ತುಂಬಾ ಜನ ಇದ್ದಾರೆ. ಎಂಜಿನ್ ಆಯಿಲ್ ಬೇಡ, ಅದು ನಿಜ. ಆದರೆ ಮೋಟಾರಿನ ವೇಗವನ್ನು ಚಕ್ರಕ್ಕೆ ತಕ್ಕಷ್ಟು ಇಳಿಸೋಕೆ ಒಂದು ಗೇರ್‌ಬಾಕ್ಸ್ ಇದ್ದೇ ಇರುತ್ತದೆ, ಅದರಲ್ಲಿ ಆಯಿಲ್ ಇರುತ್ತದೆ. ಮೋಟಾರು ಮತ್ತು ಇನ್ವರ್ಟರ್ (ಬ್ಯಾಟರಿಯ ಡಿಸಿ ಕರೆಂಟನ್ನು ಮೋಟಾರಿಗೆ ಬೇಕಾದ ಎಸಿ ಮಾಡುವ ಭಾಗ) ಬಿಸಿಯಾಗದಂತೆ ನೋಡಿಕೊಳ್ಳಲು ಕೂಲೆಂಟ್ ಇರುತ್ತದೆ. ಬೇರಿಂಗಿನಲ್ಲಿ ಗ್ರೀಸ್ ಇರುತ್ತದೆ. ಕಾರು ಹೊಸದಾಗಿರುವಾಗ ಇವು ಯಾವುದೂ ತಲೆಗೆ ಬರುವುದಿಲ್ಲ. ಹತ್ತು ವರ್ಷ ದಾಟಿದ ಮೇಲೆ ಒಂದೊಂದಾಗಿ ಬರುತ್ತವೆ.

ನನ್ನ ಕಾರಿಗೂ ವಯಸ್ಸಾಗಿದೆ. ಬ್ಯಾಟರಿ ಸ್ವಲ್ಪ ಸೋತಿದೆ, ಉಳಿದದ್ದೆಲ್ಲ ಗಟ್ಟಿಮುಟ್ಟು. ಮ್ಯಾನ್ಯುಯಲ್ ತೆಗೆದು ನೋಡಿದರೆ ಮೋಟಾರ್ ಜೋಡಣೆಗೆ ಹಾಕಬೇಕಾದ ಆಯಿಲಿನ ಹೆಸರು ಇದೆ, ಪಾರ್ಟ್ ನಂಬರ್ ಇದೆ, ಇದನ್ನು ಬಿಟ್ಟು ಬೇರೆ ಹಾಕಬಾರದು ಅನ್ನುವ ಎಚ್ಚರಿಕೆಯೂ ಇದೆ. ಆಯಿಲ್ ಮಾತ್ರ ಎಲ್ಲೂ ಇಲ್ಲ. ಆ ಹೆಸರಿನಲ್ಲಿ ಮಾಡುವುದನ್ನೇ ನಿಲ್ಲಿಸಿದ್ದಾರೆ.

ಕೇಳಿದ ಕಡೆಯೆಲ್ಲ ಒಂದೊಂದು ಉತ್ತರ. ಒಬ್ಬ ಮೆಕ್ಯಾನಿಕ್ "ಸರ್, ಗೇರ್ ತಾನೇ ಇರೋದು, ಗೇರ್ ಆಯಿಲ್ ಹಾಕ್ಬಿಡಿ, ಏನೂ ಆಗಲ್ಲ" ಅಂದರು. ಇನ್ನೊಬ್ಬರು ಯಾವ ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಆಯಿಲ್) ಆದರೂ ನಡೆಯುತ್ತೆ ಅಂದರು. ಮೂರನೆಯವರು "ಅದು ಲೈಫ್‌ಟೈಮ್ ಆಯಿಲ್ ಸರ್, ಮುಟ್ಟಲೇಬೇಡಿ" ಅಂದರು. ಮೊದಲನೇ ಸಲಹೆ ಕೆಲವು ಮೋಟಾರುಗಳನ್ನು ಕೊಂದೇಬಿಡುತ್ತದೆ. ಎರಡನೆಯದು ಅರ್ಧ ನಿಜ. ಮೂರನೆಯದಕ್ಕೆ ಯಾರ ಲೈಫ್‌ಟೈಮ್ ಅಂತ ತಿರುಗಿ ಕೇಳಬೇಕು. ವಾರಂಟಿಯ ಲೈಫ್‌ಟೈಮೋ, ನಾನು ಓಡಿಸುವಷ್ಟು ಕಾಲವೋ?

ಹೆಸರಿನ ಹಿಂದೆ ಓಡುವುದು ಬಿಟ್ಟು, ಆ ಆಯಿಲ್ ಒಳಗೆ ಏನು ಕೆಲಸ ಮಾಡುತ್ತಿದೆ ಅಂತ ನೋಡಲು ಕೂತ ಮೇಲೆಯೇ ನನಗೆ ದಾರಿ ಕಂಡಿದ್ದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗೊತ್ತಾಗಬೇಕಾದ್ದು ಒಂದೇ. ನಿಮ್ಮ ಕಾರಿನಲ್ಲಿ ಆಯಿಲ್ ತಾಮ್ರದ ವೈಂಡಿಂಗನ್ನು, ಅಂದರೆ ಮೋಟಾರಿನೊಳಗೆ ಸುತ್ತಿರುವ ತಂತಿಯನ್ನು, ಮುಟ್ಟುತ್ತದೋ ಇಲ್ಲವೋ? ಇದಕ್ಕೆ ಉತ್ತರ ಗೊತ್ತಿಲ್ಲದೆ ಬದಲಿ ಆಯಿಲ್ ಹುಡುಕುವುದು ದಂಡ. ಮೊದಲ ತಲೆಮಾರಿನ ನಿಸಾನ್ ಲೀಫ್ ತೆಗೆದುಕೊಳ್ಳಿ. 2010ರ ಕೊನೆಯಲ್ಲಿ ರಸ್ತೆಗೆ ಬಂದ ಕಾರು. ಅದರ ಮೋಟಾರಿನ ಸುತ್ತ ಕೂಲೆಂಟ್ ಹರಿಯುವ ಕವಚ ಇದೆ, ಒಳಗೆ ಒಣಗಿರುತ್ತದೆ. ಪಕ್ಕದಲ್ಲಿ ಬೇರೆಯಾಗಿ ರಿಡಕ್ಷನ್ ಗೇರ್‌ಬಾಕ್ಸ್ ಇದೆ, ಅದರಲ್ಲಿ ಒಂದೂಕಾಲು ಲೀಟರ್ ಆಸುಪಾಸಿನ ಎಟಿಎಫ್ ಇರುತ್ತದೆ. ನಡುವೆ ಸೀಲ್. ಸೀಲ್ ಸರಿಯಾಗಿರುವವರೆಗೆ ಆಯಿಲಿಗೂ ತಾಮ್ರಕ್ಕೂ ಸಂಬಂಧವೇ ಇಲ್ಲ. ಇಂಥದ್ದನ್ನು ನಾನು ಒಣ ಮೋಟಾರು ಅಂತ ಕರೆಯುತ್ತೇನೆ. ಇದಕ್ಕೆ ಬದಲಿ ಹುಡುಕುವುದು ಸುಲಭ.

ಟೊಯೋಟಾ ಪ್ರಿಯಸ್ ಹೈಬ್ರಿಡ್ ಆದರೂ ಈ ವಿಷಯದಲ್ಲಿ ಒಳ್ಳೆಯ ಉದಾಹರಣೆ. ಗೇರು, ಮೋಟಾರು ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಅದರ ಟ್ರಾನ್ಸ್‌ಆಕ್ಸಲ್‌ನಲ್ಲಿ ಗೇರುಗಳಿಗೆ ಸಿಗುವ ಆಯಿಲೇ ಮೋಟಾರಿನ ವೈಂಡಿಂಗ್ ಮೇಲೂ ಬಿದ್ದು ಬಿಸಿಯನ್ನು ಹೊತ್ತೊಯ್ಯುತ್ತದೆ. ಟೆಸ್ಲಾ ಮಾಡೆಲ್ 3ರಲ್ಲೂ ಆಯಿಲನ್ನು ಪಂಪಿನಿಂದ ಮೋಟಾರಿನೊಳಗೆ ಹಾಯಿಸುತ್ತಾರೆ. ಇವು ಒದ್ದೆ ಮೋಟಾರುಗಳು. ಇಲ್ಲಿ ಆಯಿಲ್ ಗೇರಿನ ಹಲ್ಲು ಸವೆಯದಂತೆ ಕಾಯಬೇಕು, ಬಿಸಿ ಎಳೆದುಕೊಳ್ಳಬೇಕು, ನೂರಾರು ವೋಲ್ಟ್ ಇರುವ ತಂತಿಯ ಪಕ್ಕದಲ್ಲೇ ಇದ್ದರೂ ಕರೆಂಟ್ ಸೋರಲು ಬಿಡಬಾರದು, ತಾಮ್ರವನ್ನೂ ತಿನ್ನಬಾರದು. ಒಂದೇ ದ್ರವಕ್ಕೆ ಇಷ್ಟೊಂದು ಕೆಲಸ.

ಇನ್ನೂ ಹಳೆಯವು ಇವೆ. 1995ರಿಂದ ಬಂದ ಪ್ಯೂಜೋ 106 ಎಲೆಕ್ಟ್ರಿಕ್‌ನಂಥವುಗಳಲ್ಲಿ ಗಾಳಿಯಿಂದ ತಣ್ಣಗಾಗುವ ಡಿಸಿ ಮೋಟಾರು. ಬ್ರಷ್ ಸವೆತ, ಕಾರ್ಬನ್ ಪುಡಿ, ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬುವ ಕೆಲಸ, ಇವೇ ಅದರ ತಲೆನೋವು. ಆಯಿಲಿನ ಚಿಂತೆ ಗೇರಿಗೆ ಮಾತ್ರ. ಪೆಟ್ರೋಲ್ ಕಾರನ್ನು ಬದಲಾಯಿಸಿ ಮೋಟಾರು ಕೂರಿಸಿದವರಿಗೆ ಇನ್ನೂ ಸುಲಭ, ಉಳಿಸಿಕೊಂಡ ಗೇರ್‌ಬಾಕ್ಸಿಗೆ ಮೊದಲು ಯಾವ ಆಯಿಲ್ ಇತ್ತೋ ಅದನ್ನೇ ಹಾಕಿದರೆ ಆಯಿತು.

ಈಗ ಎಟಿಎಫ್ ವಿಷಯ. ಕ್ಲಚ್ಚೇ ಇಲ್ಲದ ಇವಿ ಗೇರ್‌ಬಾಕ್ಸಿಗೆ ಆಟೋಮ್ಯಾಟಿಕ್ ಗೇರಿನ ಆಯಿಲ್ ಯಾಕೆ ಅಂತ ನನಗೂ ಮೊದಲು ಅನ್ನಿಸಿತ್ತು. ಕಾರಣ ಸರಳ. ಲೀಫ್ ಮೋಟಾರು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನವರೆಗೂ ಹೋಗುತ್ತದೆ, ಗೇರು ಅದನ್ನು ಸುಮಾರು 7.94ಕ್ಕೆ ಒಂದರಂತೆ ಇಳಿಸುತ್ತದೆ. ಆ ವೇಗದಲ್ಲಿ ದಪ್ಪ ಗೇರ್ ಆಯಿಲ್ ಹಾಕಿದರೆ ಹಲ್ಲುಗಳು ಅದನ್ನು ಕಡೆಯುತ್ತಲೇ ಇರಬೇಕಾಗುತ್ತದೆ. ಆಯಿಲ್ ಬಿಸಿಯಾಗುತ್ತದೆ, ಒಂದು ಚಾರ್ಜಿಗೆ ಓಡುವ ದೂರವೂ ಕಡಿಮೆಯಾಗುತ್ತದೆ. ತೆಳ್ಳಗಿದ್ದೂ ಸವೆತ ತಡೆಯುವ, ನೊರೆ ಕಟ್ಟದ, ಚಳಿಯಲ್ಲೂ ಹರಿಯುವ ಆಯಿಲ್ ಕಾರು ಕಂಪನಿಗಳ ಕೈಗೆ ಸಿದ್ಧವಾಗಿ ಸಿಕ್ಕಿದ್ದು ಎಟಿಎಫ್. ಅದನ್ನೇ ಹಾಕಿದರು. ಹೊಸ ಇವಿಗಳಿಗೆ ಅಂತಲೇ ಮಾಡಿದ ಆಯಿಲ್ ಬಂದದ್ದು ಆಮೇಲೆ.

ಹಳೇ ಇವಿ ಇಟ್ಟುಕೊಂಡವರಿಗೆ ಇದು ಒಳ್ಳೆಯ ಸುದ್ದಿ. ಎಟಿಎಫ್‌ಗಳ ನಡುವಿನ ದೊಡ್ಡ ಜಗಳವೆಲ್ಲ ಕ್ಲಚ್ ಹಿಡಿತದ ಬಗ್ಗೆ. ಈ ಕಂಪನಿಯ ಗೇರಿಗೆ ಆ ಕಂಪನಿಯ ಎಟಿಎಫ್ ಹಾಕಿದರೆ ಕ್ಲಚ್ ಜಾರುತ್ತದೆ, ನಡುಗುತ್ತದೆ ಅನ್ನುವುದೆಲ್ಲ ನಿಜವೇ. ಆದರೆ ಒಂದೇ ಗೇರಿನ ಇವಿಯಲ್ಲಿ ಜಾರೋಕೆ ಕ್ಲಚ್ಚೇ ಇಲ್ಲ. ಹಾಗಾಗಿ ಹೆಸರು ಹೆಸರಿಗೆ ತಾಳೆಯಾಗಲೇಬೇಕು ಅನ್ನುವ ಹಟ ಇಲ್ಲಿ ಅಷ್ಟಾಗಿ ಬೇಡ. ಷೆವರ್ಲೆ ವೋಲ್ಟ್‌ನಂಥ, ಒಳಗೆ ಕ್ಲಚ್ ಇರುವ ಗಾಡಿಗೆ ಈ ಮಾತು ಅನ್ವಯಿಸುವುದಿಲ್ಲ, ಅದು ನೆನಪಿರಲಿ.

ಹಾಗಾದರೆ ಯಾವುದಾದರೂ ಆದೀತಾ? ಆಗಲ್ಲ. ಇಲ್ಲಿ ಒಂದು ಹಳೇ ಕಥೆ ಹೇಳಬೇಕು.

ಜನರಲ್ ಮೋಟಾರ್ಸ್‌ನ ಡೆಕ್ಸ್ರಾನ್ ಅನ್ನುವ ಎಟಿಎಫ್ ಹೆಸರು ಎಲ್ಲರಿಗೂ ಗೊತ್ತು. ಹಳೆಯ ಎಟಿಎಫ್‌ಗಳಲ್ಲಿ ಕ್ಲಚ್ ಹಿಡಿತ ಹದವಾಗಿರಲಿ ಅಂತ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಹೌದು, ನಿಜವಾದ ತಿಮಿಂಗಿಲ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಿತ್ತು. ಬದಲಿ ಹುಡುಕಲೇಬೇಕಾಯಿತು. ಹೊಸ ಮಿಶ್ರಣ ಬಂತು, ಕ್ಲಚ್ ಹಿಡಿತವೂ ಸರಿಯಾಗಿಯೇ ಇತ್ತು. ಆದರೆ ಅದು ಆಯಿಲ್ ಕೂಲರಿನ ಬೆಸುಗೆಯನ್ನು ತಿನ್ನತೊಡಗಿತು. ಅದಕ್ಕೆ ತುಕ್ಕು ತಡೆಯುವ ರಾಸಾಯನಿಕ ಸೇರಿಸಿ ಇನ್ನೊಂದು ಆವೃತ್ತಿ ತಂದರು. ಆ ರಾಸಾಯನಿಕ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುವಂಥದ್ದು. ಅದನ್ನು ಸರಿಪಡಿಸಲು ಮತ್ತೊಂದು ಆವೃತ್ತಿ. ಅವರು ಬದಲಿ ಹುಡುಕಿದ್ದು ಒಂದು ಗುಣಕ್ಕೆ, ಕೈಕೊಟ್ಟಿದ್ದು ಲೆಕ್ಕಕ್ಕೇ ತೆಗೆದುಕೊಳ್ಳದ ಇನ್ನೆರಡು ಗುಣಗಳು: ತಾಮ್ರದ ಜಾತಿಯ ಲೋಹಕ್ಕೆ ಆಗಿಬರುವುದು, ನೀರಿನಿಂದ ದೂರ ಇರುವುದು. ಅದೇ ಎರಡು ಗುಣ ಇವತ್ತು ಒದ್ದೆ ಮೋಟಾರಿಗೆ ಎಲ್ಲಕ್ಕಿಂತ ಮುಖ್ಯ. ದೊಡ್ಡ ಕಂಪನಿಯೇ ಪೂರ್ತಿ ಲ್ಯಾಬ್ ಇಟ್ಟುಕೊಂಡು ಹೀಗೆ ಸುತ್ತು ಹಾಕಿದೆ ಅಂದಮೇಲೆ, ಡಬ್ಬದ ಹಿಂದಿನ ಎರಡು ಸಾಲು ಓದಿ ನಾವು ತೀರ್ಮಾನಕ್ಕೆ ಬರುವುದು ಸ್ವಲ್ಪ ಧೈರ್ಯದ ಕೆಲಸವೇ.

ಡೆಕ್ಸ್ರಾನ್ 3ರ ಲೈಸೆನ್ಸನ್ನು ಜನರಲ್ ಮೋಟಾರ್ಸ್ 2006ರ ಕೊನೆಗೆ ನಿಲ್ಲಿಸಿತು. ಅದಕ್ಕೆ ಮುಂಚೆಯೇ, 2005ರಲ್ಲಿ ಡೆಕ್ಸ್ರಾನ್ 6 ಬಂದಿತ್ತು. ಇವತ್ತು ಡಬ್ಬದ ಮೇಲೆ "ಡೆಕ್ಸ್ರಾನ್ 3 ಮಾದರಿ" ಅಂತ ಬರೆದಿದ್ದರೆ ಅದಕ್ಕೆ ಕಂಪನಿಯ ಮುದ್ರೆ ಇಲ್ಲ, ಮಾಡಿದವರ ಮಾತು ಅಷ್ಟೇ. ಕೆಟ್ಟದ್ದು ಅಂತ ಅಲ್ಲ, ಒಳ್ಳೆಯವೂ ಇವೆ. ಆದರೆ ಒಂದೇ ಹೆಸರಿನ ಎರಡು ಡಬ್ಬದಲ್ಲಿ ಒಂದೇ ಆಯಿಲ್ ಇರುತ್ತದೆ ಅಂತ ಅಂದುಕೊಳ್ಳಬೇಡಿ. "ಎಲ್ಲ ಕಾರಿಗೂ ಸೂಕ್ತ" ಅಂತ ಹತ್ತಿಪ್ಪತ್ತು ಹೆಸರು ಸಾಲಾಗಿ ಬರೆದಿರುವ ಮಲ್ಟಿ ವೆಹಿಕಲ್ ಎಟಿಎಫ್‌ಗೂ ಇದೇ ಮಾತು. ತೆಳ್ಳಗಿನದಕ್ಕೂ ದಪ್ಪದ್ದಕ್ಕೂ ಒಂದೇ ಆಯಿಲ್ ಹೇಗೆ ಸರಿಹೋಗುತ್ತೆ ಸ್ವಾಮಿ?

ಡಬ್ಬ ಬಿಟ್ಟು ಟೆಕ್ನಿಕಲ್ ಡೇಟಾ ಶೀಟ್ ತೆಗೆಯಿರಿ. ಹೆಸರಿರುವ ಎಲ್ಲ ಕಂಪನಿಗಳೂ ಕೊಡುತ್ತವೆ, ಒಂದೆರಡು ಪುಟ. ಕೊಡದ ಕಂಪನಿಯ ಆಯಿಲನ್ನು ನಾನಂತೂ ಮೋಟಾರಿಗೆ ಹಾಕಲ್ಲ. ಅದರಲ್ಲಿ ಮೊದಲು ನೋಡಬೇಕಾದ್ದು 100 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್, 40 ಡಿಗ್ರಿಯಲ್ಲಿ ಎಷ್ಟು ಅನ್ನುವ ಎರಡು ಅಂಕಿ. ಆಯಿಲ್ ಎಷ್ಟು ದಪ್ಪ ಅನ್ನುವುದರ ಅಳತೆ ಅದು. ಡೆಕ್ಸ್ರಾನ್ 3 ಕಾಲದವು 100 ಡಿಗ್ರಿಯಲ್ಲಿ ಏಳು, ಏಳೂವರೆ ಆಸುಪಾಸು. ಡೆಕ್ಸ್ರಾನ್ 6 ಹೊಸದಾಗಿದ್ದಾಗ 6.4 ದಾಟಬಾರದು. ಟೊಯೋಟಾದ ಡಬ್ಲ್ಯುಎಸ್ ಅನ್ನುವ ಎಟಿಎಫ್ ಇನ್ನೂ ತೆಳು, ಐದೂವರೆಯ ಹತ್ತಿರ. ನಿಮ್ಮ ಕಾರಿನ ಮೂಲ ಆಯಿಲಿನ ಹಳೇ ಡೇಟಾ ಶೀಟ್ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಆಯಿಲ್ ನಿಂತುಹೋಗಿದ್ದರೂ ಅದರ ಹಾಳೆ ಸಿಗುವುದುಂಟು, ಹುಡುಕಿ.

ದಪ್ಪದ ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಒಣ ಮೋಟಾರಿನ ಗೇರ್‌ಬಾಕ್ಸಿಗೆ ಮೂಲಕ್ಕಿಂತ ಸ್ವಲ್ಪ ದಪ್ಪ ಆದರೆ ಪರವಾಗಿಲ್ಲ, ತೆಳು ಬೇಡ. ಹಳೇ ಗೇರು, ಹಲ್ಲು ಸ್ವಲ್ಪ ಸವೆದಿರುತ್ತದೆ, ತೆಳ್ಳಗಿನ ಪದರ ಅದನ್ನು ಅಷ್ಟಾಗಿ ಕಾಯುವುದಿಲ್ಲ. ಒದ್ದೆ ಮೋಟಾರಿಗೆ ಮಾತ್ರ ಎರಡೂ ಕಡೆ ಹುಷಾರಾಗಿರಬೇಕು. ಅಲ್ಲಿ ಆಯಿಲ್ ಸಣ್ಣ ಕಂಡಿಗಳಲ್ಲಿ ಹಾದು ವೈಂಡಿಂಗಿನ ತುದಿಗಳ ಮೇಲೆ ಬೀಳಬೇಕು. ದಪ್ಪ ಆದರೆ ಸಾಕಷ್ಟು ಹರಿಯುವುದಿಲ್ಲ, ಮೋಟಾರು ಬಿಸಿಯಾಗುತ್ತದೆ.

ಇನ್ನು ಆ ಗೇರ್ ಆಯಿಲ್ ಸಲಹೆ. ಜಿಎಲ್-5 ಅಂತ ಬರೆದಿರುವ ಗೇರ್ ಆಯಿಲಿನಲ್ಲಿ ಗಂಧಕ ಮತ್ತು ರಂಜಕದ ಸೇರ್ಪಡೆಗಳು ಜಾಸ್ತಿ. ಹಿಂದಿನ ಆಕ್ಸಲ್‌ನಲ್ಲಿರುವ ಹೈಪಾಯ್ಡ್ ಗೇರಿನಲ್ಲಿ ಹಲ್ಲಿನ ಮೇಲೆ ಹಲ್ಲು ಜಾರುತ್ತಾ ಉಜ್ಜುತ್ತದೆ, ಅಲ್ಲಿ ಅದು ಬೇಕೇ ಬೇಕು. ಇವಿಯಲ್ಲಿರುವುದು ಹೆಚ್ಚಾಗಿ ಹೆಲಿಕಲ್ ಗೇರು, ಅಷ್ಟು ಉಜ್ಜಾಟ ಇಲ್ಲ. ಆ ಗಂಧಕ ಬಿಸಿಯಾದಾಗ ತಾಮ್ರದ ಜೊತೆ ಸೇರಿ ತಾಮ್ರದ ಸಲ್ಫೈಡ್ ಆಗುತ್ತದೆ. ಕಪ್ಪಗಿನ ಪದರ. ಅದರಲ್ಲಿ ವಿದ್ಯುತ್ ಹರಿಯುತ್ತದೆ. ವೈಂಡಿಂಗಿನ ತುದಿಗಳ ನಡುವೆ, ಕನೆಕ್ಟರಿನ ಪಿನ್ನುಗಳ ನಡುವೆ ಇಂಥ ಪದರ ಬೆಳೆದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ, ಅಲ್ವಾ?

ಡೇಟಾ ಶೀಟಿನಲ್ಲಿ ಇದಕ್ಕೂ ಒಂದು ಸಾಲು ಇರುತ್ತದೆ. ಎಎಸ್‌ಟಿಎಂ ಡಿ130, ತಾಮ್ರದ ಪಟ್ಟಿಯ ಪರೀಕ್ಷೆ. ತಿಕ್ಕಿ ಹೊಳಪು ಮಾಡಿದ ತಾಮ್ರದ ಪಟ್ಟಿಯನ್ನು ಬಿಸಿ ಆಯಿಲಿನಲ್ಲಿ ಸಾಮಾನ್ಯವಾಗಿ 3 ಗಂಟೆ ಮುಳುಗಿಸಿಟ್ಟು, ಹೊರಗೆ ತೆಗೆದು ಬಣ್ಣ ನೋಡುತ್ತಾರೆ. 1ಎ ಅಂದರೆ ಹೆಚ್ಚುಕಡಿಮೆ ಹಾಗೇ ಇದೆ. 4ಸಿ ಅಂದರೆ ಇದ್ದಿಲಿನಂತೆ ಕಪ್ಪು. ಒದ್ದೆ ಮೋಟಾರಿಗಾದರೆ 1ಎ ಅಥವಾ 1ಬಿ ಬಿಟ್ಟು ಕೆಳಗಿಳಿಯಬೇಡಿ. ಕೇವಲ ಮೂರು ಗಂಟೆಯ ಪರೀಕ್ಷೆ ಇದು, ಮೋಟಾರು ವರ್ಷಗಟ್ಟಲೆ ಅದರಲ್ಲೇ ನೆನೆಯುತ್ತದೆ. ಅದಕ್ಕೇ ಹೊಸ ಇವಿ ಆಯಿಲ್‌ಗಳಿಗೆ ಸಣ್ಣ ತಾಮ್ರದ ತಂತಿಯನ್ನು ಆಯಿಲಿನಲ್ಲೂ ಅದರ ಆವಿಯಲ್ಲೂ ಇಟ್ಟು, ಕರೆಂಟ್ ಹರಿಸಿ, ತಂತಿ ಎಷ್ಟು ಸವೆಯಿತು ಅಂತ ದಿನಗಟ್ಟಲೆ ಅಳೆಯುತ್ತಾರೆ.

ಅಂಥ ಲ್ಯಾಬ್ ನಮ್ಮ ಹತ್ತಿರ ಇಲ್ಲ. ಆದರೂ ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದೆ, ನೀವೂ ಮಾಡಬಹುದು. ಅಗಲ ಬಾಯಿಯ ಗಾಜಿನ ಬಾಟಲಿಗಳು, ಒಂದೊಂದರಲ್ಲಿ ಒಂದೊಂದು ಆಯಿಲ್. ಪ್ರತಿಯೊಂದಕ್ಕೂ ನಯವಾದ ಮರಳು ಕಾಗದದಿಂದ ಉಜ್ಜಿದ ತಾಮ್ರದ ತುಂಡು, ಮೋಟಾರ್ ರಿವೈಂಡ್ ಮಾಡುವವರು ಬಳಸುವ ಎನಾಮೆಲ್ ತಂತಿಯ ಒಂದು ಸುರುಳಿ, ಮತ್ತು ಆ ಗೇರ್‌ಬಾಕ್ಸಿನದೇ ಅಳತೆಯ ಒಂದು ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ. ಓ-ರಿಂಗಿನ ದಪ್ಪವನ್ನು ವರ್ನಿಯರ್‌ನಲ್ಲಿ ಮೊದಲೇ ಅಳೆದು ಬರೆದಿಟ್ಟೆ. ಬಾಟಲಿಗಳನ್ನು 80 ಡಿಗ್ರಿಯಲ್ಲಿ ಕೆಲವು ವಾರ ಬಿಸಿಯಾಗಿ ಇಟ್ಟಿದ್ದೆ. ಬೆಂಕಿಯ ಹತ್ತಿರ ಬೇಡ, ಥರ್ಮೋಸ್ಟ್ಯಾಟ್ ಇರುವ ಹೀಟರ್ ಪೆಟ್ಟಿಗೆಯಲ್ಲಿ, ಅದೂ ಮನೆಯವರಿಗೆ ಹೇಳಿಯೇ.

ಜಿಎಲ್-5 ಬಾಟಲಿ ಬೇಗನೆ ಬಣ್ಣ ತೋರಿಸಿತು. ತಾಮ್ರದ ತುಂಡಿನ ಅಂಚಿನಲ್ಲಿ ಮೊದಲು ಕಂದು, ಆಮೇಲೆ ನವಿಲುಗರಿಯ ಬಣ್ಣದ ಛಾಯೆ, ಕೊನೆಗೆ ಬೂದುಗಪ್ಪು. ಬೆರಳಿನಿಂದ ಒರೆಸಿದರೆ ಮಸಿ ಅಂಟಿತು. ಎನಾಮೆಲ್ ತಂತಿಯ ಮೈ ಹಾಗೇ ಇತ್ತು, ಆದರೆ ಕತ್ತರಿಸಿದ ತುದಿಯಲ್ಲಿ, ತಾಮ್ರ ಬರಿದಾಗಿದ್ದ ಕಡೆ, ಅದೇ ಕಪ್ಪು. ಎರಡು ಎಟಿಎಫ್ ಬಾಟಲಿಗಳಲ್ಲಿ ತಾಮ್ರ ಸ್ವಲ್ಪ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು ಅಷ್ಟೇ. ಇವೆರಡರಲ್ಲಿ ಒಂದನ್ನು ಓ-ರಿಂಗ್ ಹೊರಗೆ ಹಾಕಿತು. ಆ ಬಾಟಲಿಯ ರಿಂಗ್ ಉಬ್ಬಿ ಮೆತ್ತಗಾಗಿತ್ತು, ಉಗುರು ಒತ್ತಿದರೆ ಗುರುತು ಉಳಿಯುತ್ತಿತ್ತು. ಎಸ್ಟರ್ ಆಧಾರದ ಆಯಿಲ್‌ಗಳು ರಬ್ಬರನ್ನು ಉಬ್ಬಿಸುತ್ತವೆ, ಪಿಎಒ ಅನ್ನುವ ಸಿಂಥೆಟಿಕ್ ಎಣ್ಣೆ ಒಂಟಿಯಾಗಿದ್ದರೆ ಸ್ವಲ್ಪ ಕುಗ್ಗಿಸುತ್ತದೆ, ಅದಕ್ಕೇ ಕಂಪನಿಗಳು ಎರಡನ್ನೂ ಹದವಾಗಿ ಬೆರೆಸುತ್ತವೆ. ಒಣ ಮೋಟಾರಿನಲ್ಲಿ ಸೀಲೇ ಎಲ್ಲವನ್ನೂ ಕಾಯುವುದು ಅಂತ ಮೊದಲೇ ಹೇಳಿದೆನಲ್ಲ. ಹಳೇ ಸೀಲಿಗೆ ಹೊಸ ಆಯಿಲ್ ಒಗ್ಗದೇ ಹೋದರೆ ಒಣ ಮೋಟಾರು ಒದ್ದೆಯಾಗುತ್ತದೆ, ಅದೂ ಒದ್ದೆಯಾಗಲು ತಯಾರಿಲ್ಲದ ಮೋಟಾರು.

ಇದು ಲ್ಯಾಬ್ ಪರೀಕ್ಷೆಗೆ ಸಮವಲ್ಲ. ಕೆಟ್ಟದ್ದನ್ನು ಹೊರಗೆ ಹಾಕಲು ಸಾಕು, ಒಳ್ಳೆಯದನ್ನು ಖಾತ್ರಿ ಮಾಡಲು ಸಾಲದು.

ಇನ್ನೊಂದು ಬುದ್ಧಿವಂತಿಕೆಯ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ಟ್ರಾನ್ಸ್‌ಫಾರ್ಮರ್ ಆಯಿಲ್ ಹಾಕಿ, ಅದಕ್ಕಿಂತ ಒಳ್ಳೆಯ ಇನ್ಸುಲೇಟರ್ ಇಲ್ಲ ಅಂತ. ಇನ್ಸುಲೇಷನ್ ವಿಷಯ ನಿಜ. ಆದರೆ ಟ್ರಾನ್ಸ್‌ಫಾರ್ಮರಿನಲ್ಲಿ ತಿರುಗುವ ಗೇರಿಲ್ಲ. ಸವೆತ ತಡೆಯುವ ಸೇರ್ಪಡೆ ಅದರಲ್ಲಿ ಇರುವುದಿಲ್ಲ, ಇದ್ದರೆ ಇನ್ಸುಲೇಷನ್ ಕೆಡುತ್ತದೆ. ಗೇರಿನ ಹಲ್ಲುಗಳು ಬೇಗ ಸವೆದು, ಆ ಕಬ್ಬಿಣದ ಪುಡಿ ಆಯಿಲಿನಲ್ಲಿ ಸೇರಿ, ಯಾವ ಇನ್ಸುಲೇಷನ್‌ಗಾಗಿ ಹಾಕಿದಿರೋ ಅದನ್ನೇ ಹಾಳು ಮಾಡುತ್ತದೆ.

ಹೊಸ ಆಯಿಲ್ ಹುಡುಕುವ ಮುಂಚೆ ಹಳೇ ಆಯಿಲ್ ಏನು ಹೇಳುತ್ತೆ ಅಂತ ನೋಡಲೇಬೇಕು. ಡ್ರೈನ್ ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ನುಣ್ಣಗಿನ ಬೂದು ಬಣ್ಣದ ಪೇಸ್ಟ್ ಅಂಟಿದ್ದರೆ ಹೆದರಬೇಡಿ, ಅದು ವರ್ಷಗಳ ಸಾಮಾನ್ಯ ಸವೆತ. ಬೆರಳಿಗೆ ಚುಚ್ಚುವಂಥ ಚೂರು ಸಿಕ್ಕರೆ ಆಯಿಲ್ ವಿಷಯ ಆಮೇಲೆ, ಗೇರ್‌ಬಾಕ್ಸ್ ಬಿಚ್ಚಬೇಕು. ಒದ್ದೆ ಮೋಟಾರಿನ ಆಯಿಲ್ ಕಪ್ಪಗಾಗಿ ಸುಟ್ಟ ವಾರ್ನಿಷ್ ವಾಸನೆ ಹೊಡೆಯುತ್ತಿದ್ದರೆ ವೈಂಡಿಂಗ್ ಎಲ್ಲೋ ಬೇಯುತ್ತಿದೆ. ಹಾಲು ಬೆರೆತ ಹಾಗೆ ಇದ್ದರೆ ಕೂಲೆಂಟೋ ನೀರೋ ಒಳಗೆ ಹೋಗಿದೆ.

ನೀರು ಕಣ್ಣಿಗೆ ಕಾಣದಷ್ಟು ಕಡಿಮೆ ಇದ್ದರೂ ತೊಂದರೆ. ಅದಕ್ಕೆ ಹಳೇ ಕಾಲದ ಒಂದು ಪರೀಕ್ಷೆ ಇದೆ. 150 ಡಿಗ್ರಿ ಆಸುಪಾಸು ಬಿಸಿ ಮಾಡಿದ ಹಾಟ್ ಪ್ಲೇಟ್ ಮೇಲೆ ಒಂದು ಹನಿ ಆಯಿಲ್ ಬಿಡುವುದು. ಸುಮ್ನೆ ಹರಡಿಕೊಂಡರೆ ಸರಿ. ಚಟಪಟ ಅಂತ ಸಿಡಿದು ಒಳಗೆ ಗುಳ್ಳೆ ಎದ್ದರೆ ನೀರಿದೆ. ಹತ್ತು ಲಕ್ಷಕ್ಕೆ 500ರಿಂದ 1000 ಭಾಗದ ಮೇಲಿದ್ದರೆ ಇದು ಹಿಡಿದುಬಿಡುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ, ಕಣ್ಣು ಹತ್ತಿರ ತರಬೇಡಿ. ಅದಕ್ಕಿಂತ ಕಡಿಮೆ ನೀರು ಗೊತ್ತಾಗಬೇಕಾದರೆ ಆಯಿಲ್ ಲ್ಯಾಬಿಗೆ ಕಳಿಸಬೇಕು. ಕಳಿಸುವಾಗ ಕಬ್ಬಿಣ, ತಾಮ್ರದ ಜೊತೆಗೆ ಸೋಡಿಯಂ ಮತ್ತು ಪೊಟ್ಯಾಸಿಯಂ ಕೂಡ ನೋಡಿ ಅಂತ ಹೇಳಿ. ಅವೆರಡು ಏರಿದ್ದರೆ ಕೂಲೆಂಟ್ ಸೋರಿ ಆಯಿಲಿಗೆ ಸೇರುತ್ತಿದೆ ಅಂತ ಅನುಮಾನ ಪಡಬೇಕು. ತಾಮ್ರದ ಅಂಕಿ ಏರಿದ್ದರೆ ಈಗಿರುವ ಆಯಿಲೇ ವೈಂಡಿಂಗನ್ನು ತಿನ್ನುತ್ತಿರಬಹುದು.

ಕೂಲೆಂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದೇ ಮಾತು: ಬಣ್ಣ ನೋಡಿ ಕೂಲೆಂಟ್ ತರಬೇಡಿ. ನೀಲಿ, ಹಸಿರು, ಗುಲಾಬಿ ಇವಕ್ಕೆಲ್ಲ ಯಾವ ಸ್ಟಾಂಡರ್ಡೂ ಇಲ್ಲ, ಯಾರು ಬೇಕಾದರೂ ಯಾವ ಬಣ್ಣ ಬೇಕಾದರೂ ಹಾಕಬಹುದು. ಒಳಗಿನ ತುಕ್ಕು ತಡೆಯುವ ರಾಸಾಯನಿಕ ಯಾವ ಜಾತಿ ಅನ್ನುವುದು ಮುಖ್ಯ. ಜಪಾನಿನ ಕಾರುಗಳಿಗೆ ಸಾಮಾನ್ಯವಾಗಿ ಸಿಲಿಕೇಟ್ ಇಲ್ಲದ, ಫಾಸ್ಫೇಟ್ ಇರುವ ಕೂಲೆಂಟ್. ಯುರೋಪಿನವರದು ಉಲ್ಟಾ, ಫಾಸ್ಫೇಟ್ ಬೇಡ, ಸಿಲಿಕೇಟ್ ಇರಲಿ ಅನ್ನುತ್ತಾರೆ. ಎರಡನ್ನೂ ಬೆರೆಸಿದರೆ ಕೆಲವು ಸಲ ಲೋಳೆಯಾಗಿ ಇನ್ವರ್ಟರ್ ಕೆಳಗಿನ ಸಣ್ಣ ಕಾಲುವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಜಾತಿ ಬದಲಿಸುವುದಾದರೆ ಹಳೆಯದನ್ನು ಪೂರ್ತಿ ತೊಳೆದು ತೆಗೆದೇ ಬದಲಿಸಿ. ನೀರು ಡಿಅಯನೈಸ್ಡ್ ಆಗಿರಲಿ. ಷೆವರ್ಲೆ ವೋಲ್ಟ್‌ಗೆ ಕಂಪನಿಯೇ ಡಿಅಯನೈಸ್ಡ್ ನೀರಿನಲ್ಲಿ ಮೊದಲೇ ಬೆರೆಸಿದ ಕೂಲೆಂಟ್ ಬಿಟ್ಟು ಬೇರೆ ಹಾಕಬೇಡಿ ಅಂದಿದೆ. ಬ್ಯಾಟರಿಯ ಒಳಗೆ ಹರಿಯುವ ಕೂಲೆಂಟಿನಲ್ಲಿ ನಲ್ಲಿ ನೀರಿನ ಉಪ್ಪು ಸೇರಿದರೆ ಎಲ್ಲಾದರೂ ಸೋರಿದಾಗ ಕರೆಂಟ್ ಹರಿಯಲು ದಾರಿ ಮಾಡಿಕೊಟ್ಟ ಹಾಗೆ. ತುಂಬಿದ ಮೇಲೆ ಗಾಳಿ ಪೂರ್ತಿ ಹೊರಗೆ ಹೋಗಬೇಕು. ಇನ್ವರ್ಟರಿನಲ್ಲಿ ಗಾಳಿ ಗುಳ್ಳೆ ಕೂತರೆ ಏರಿನಲ್ಲಿ ಪವರ್ ಇಳಿದುಬಿಡುತ್ತದೆ, ನೀವು ಮೋಟಾರನ್ನು ಬೈಯುತ್ತಾ ಕೂರುತ್ತೀರಿ. ಇನ್ನೊಂದು, ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ ಬೆಕ್ಕು ನೆಕ್ಕುತ್ತವೆ. ತಕ್ಷಣ ತೊಳೆಯಿರಿ.

ಈಗ ಬದಲಾಯಿಸುವ ಕೆಲಸ. ಕಿತ್ತಳೆ ಬಣ್ಣದ (ಹೈ ವೋಲ್ಟೇಜ್) ಕೇಬಲ್ ಇರುವ ಕಡೆ ಕೈ ಹಾಕುವುದಾದರೆ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, 12 ವೋಲ್ಟ್ ಬ್ಯಾಟರಿ ಕಳಚಿ, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಬೇಕು, ಕೆಪಾಸಿಟರ್ ಖಾಲಿಯಾಗಲಿ. ಕೈಗೆ ಕ್ಲಾಸ್ 0 ಗ್ಲೌಸ್, 1000 ವೋಲ್ಟ್‌ವರೆಗೆ ತಡೆಯುವಂಥದ್ದು. ಬರೀ ಗೇರ್‌ಬಾಕ್ಸ್ ಆಯಿಲ್ ಆದರೆ ಇಷ್ಟೆಲ್ಲ ಬೇಕಾಗದಿರಬಹುದು, ಆದರೂ ಕಾರು ಆಫ್ ಇದೆಯೋ ಇಲ್ಲವೋ ಸದ್ದಿನಿಂದ ಗೊತ್ತಾಗದ ಗಾಡಿ ಇದು, ಕೀ ದೂರ ಇಡಿ.

ಬೋಲ್ಟ್ ಬಿಚ್ಚುವಾಗ ತುಂಬುವ ಬೋಲ್ಟನ್ನೇ ಮೊದಲು ಬಿಚ್ಚಿ. ಹಳೇ ಕಾರಿನಲ್ಲಿ ಅದು ಅಲ್ಯೂಮಿನಿಯಂಗೆ ಕಚ್ಚಿಕೊಂಡಿರುತ್ತದೆ. ಕೆಳಗಿನದನ್ನು ಬಿಚ್ಚಿ ಆಯಿಲೆಲ್ಲ ಸುರಿದ ಮೇಲೆ ಮೇಲಿನದು ಬರಲಿಲ್ಲ ಅಂದರೆ ಗಾಡಿ ಅಲ್ಲೇ ಲಂಗರು. ವಾಷರ್ ಹೊಸದು ಹಾಕಿ. ಗಾಡಿ ಸಮತಟ್ಟಾಗಿ ನಿಂತಿರಲಿ, ಓರೆಯಾಗಿದ್ದರೆ ಮಟ್ಟ ತಪ್ಪುತ್ತದೆ. ಬಹಳಷ್ಟು ಗೇರ್‌ಬಾಕ್ಸಿನಲ್ಲಿ ತುಂಬುವ ತೂತಿನಿಂದ ಆಯಿಲ್ ತುಳುಕಿ ಸಣ್ಣ ಧಾರೆಯಾಗಿ ಹೊರಗೆ ಬಂದರೆ ಅದೇ ಮಟ್ಟ. ಜಾಸ್ತಿ ತುಂಬಿದರೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ, ನೊರೆ ಕಟ್ಟಿ ಉಸಿರುಗೊಳವೆಯಿಂದ ಹೊರಗೆ ಬರುತ್ತದೆ.

ಹಳೇ ಆಯಿಲ್ ಪೂರ್ತಿ ಬರುವುದಿಲ್ಲ, ಮೂಲೆಗಳಲ್ಲಿ ಉಳಿಯುತ್ತದೆ. ಹಾಕುವ ಆಯಿಲ್ ಒಂದೆರಡು ಲೀಟರ್ ಅಷ್ಟೇ ಆದ್ದರಿಂದ ನಾನು ಹೊಸದನ್ನು ಹಾಕಿ, ಸ್ವಲ್ಪ ದೂರ ಓಡಿಸಿ, ಅದನ್ನೂ ತೆಗೆದು ಮತ್ತೆ ಹೊಸದು ಹಾಕಿದೆ. ದುಂದು ಅನ್ನಿಸಬಹುದು. ಎರಡು ಬೇರೆ ಜಾತಿಯ ಆಯಿಲ್‌ಗಳ ಮಿಶ್ರಣ ಯಾವ ಡೇಟಾ ಶೀಟಿನಲ್ಲೂ ಇರುವುದಿಲ್ಲವಲ್ಲ, ಅದಕ್ಕೆ.

ಒದ್ದೆ ಮೋಟಾರಾದರೆ ಬದಲಾಯಿಸುವ ಮುಂಚೆ ಮತ್ತು ಆಮೇಲೆ ಇನ್ಸುಲೇಷನ್ ಅಳೆಸಿ, ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಬಳಸಲು ಗೊತ್ತಿರುವವರ ಕೈಯಲ್ಲಿ. ವಿಶ್ವಸಂಸ್ಥೆಯ ಆರ್100 ನಿಯಮದ ಪ್ರಕಾರ ಡಿಸಿ ಕಡೆ ಒಂದು ವೋಲ್ಟಿಗೆ ಕನಿಷ್ಠ 100 ಓಮ್, ಎಸಿ ಕಡೆ 500 ಓಮ್ ಇರಬೇಕು. 400 ವೋಲ್ಟಿನ ಗಾಡಿಗೆ 500ರ ಲೆಕ್ಕದಲ್ಲಿ 2 ಲಕ್ಷ ಓಮ್. ಆರೋಗ್ಯವಾಗಿರುವ ಮೋಟಾರು ಇದಕ್ಕಿಂತ ಎಷ್ಟೋ ಮೇಲಿರುತ್ತದೆ, ಹಾಗಾಗಿ ಪಾಸಾಯಿತು ಅಂತ ಸುಮ್ಮನಾಗದೆ ಅಂಕಿ ಬರೆದಿಟ್ಟುಕೊಳ್ಳಿ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಅದೇ ಬಿಸಿಯಲ್ಲಿ ಮತ್ತೆ ಅಳೆಯಿರಿ. ಅಂಕಿ ಇಳಿಯುತ್ತಾ ಹೋದರೆ ಬದಲಿ ಆಯಿಲ್ ಸರಿಹೋಗಿಲ್ಲ, ತೆಗೆದುಬಿಡಿ. ನನ್ನದು ಸದ್ಯಕ್ಕೆ ಇದ್ದಲ್ಲೇ ಇದೆ, ಲ್ಯಾಬಿನಿಂದ ಬಂದ ತಾಮ್ರದ ಅಂಕಿಯೂ ಏರಿಲ್ಲ.

ಗ್ರೀಸ್ ಉಳಿಯಿತು. ಮೋಟಾರಿನ ಬೇರಿಂಗುಗಳಲ್ಲಿ ಹೆಚ್ಚಾಗಿ ಪಾಲಿಯೂರಿಯಾ ಜಾತಿಯ ಗ್ರೀಸ್ ಇರುತ್ತದೆ. ಅದಕ್ಕೆ ಸಾಮಾನ್ಯ ಲಿಥಿಯಂ ಗ್ರೀಸ್ ಬೆರೆಸಿದರೆ ಎರಡೂ ಕೆಟ್ಟು ನೀರಾಗಿ ಹರಿಯಬಹುದು, ಇಲ್ಲವೇ ಗಟ್ಟಿಯಾಗಬಹುದು. ಸೀಲ್ಡ್ ಬೇರಿಂಗ್ ಆದರೆ ಅದಕ್ಕೆ ಗ್ರೀಸ್ ತುಂಬುವ ಮಾತೇ ಇಲ್ಲ. ಬೇರಿಂಗಿನಿಂದ ಒಂದೇ ಸಮನೆ ಗುಂಯ್ ಅನ್ನುವ ಸದ್ದು ಬರುತ್ತಿದ್ದರೆ ಅದನ್ನು ಆಯಿಲಿನಿಂದ ವಾಸಿ ಮಾಡುವ ಆಸೆ ಬಿಡಿ. ಇನ್ವರ್ಟರಿನಿಂದ ಶಾಫ್ಟಿಗೆ ಹತ್ತುವ ವೋಲ್ಟೇಜ್ ಬೇರಿಂಗ್ ಮೂಲಕ ಕಿಡಿಯಾಗಿ ಹಾಯ್ದು, ಒಳಗಿನ ಓಟದ ದಾರಿಯಲ್ಲಿ ಸಾಲು ಸಾಲು ಗೀರು ಮಾಡಿರುತ್ತದೆ. ಬೇರಿಂಗ್ ಬದಲಾಯಿಸಿ. ಶಾಫ್ಟಿಗೆ ಅರ್ಥಿಂಗ್ ಬ್ರಷ್ ಅಥವಾ ರಿಂಗ್ ಇರುವ ಮೋಟಾರಾದರೆ ಅದನ್ನೂ ಆಗಲೇ ನೋಡಿ. ಅದು ಸವೆದುಹೋಗಿದ್ದರೆ ಹೊಸ ಬೇರಿಂಗಿಗೂ ಅದೇ ಗತಿ.